ಬೆನ್ನಲ್ಲಿ ಗಾಡಿ ಕೇಳುತ್ತಿದ್ದ ಮೇಸ್ತ್ರಿ

ಹೊನ್ನಾಳಿಯ ಮೇಸ್ತ್ರಿ ಗಾಡಿಯ ಕೆಳಗೆ ಕೆಲಸ ಮಾಡುತ್ತಲೇ, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಪ್ರಾಣ ಬಿಟ್ಟ ಎಂದು ಜನ ಹೇಳಿಕೊಂಡು ತಿರುಗುತ್ತಿದ್ದಾರೆ. ಸುಳ್ಳು. ಆತ ಸತ್ತದ್ದು ಮಂಚದ ಮೇಲೆ. ಮೈತುಂಬ ಸಕ್ಕರೆ ಕಾಯಿಲೆ ಇಟ್ಟುಕೊಂಡು, ಡಾಕ್ಟರು ಬೇಡವೆಂದದ್ದನ್ನೆಲ್ಲ ಮಗಳ ಕಣ್ಣು ತಪ್ಪಿಸಿ ತಿಂದು, ನುಂಗಬೇಕಾದ ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಸತ್ತ. ದಿಂಬು ಎತ್ತಿದಾಗ ಮಾತ್ರೆಗಳ ಜೊತೆಗೆ ಕಚ್ಚಿದ ಬೆಲ್ಲದ ಅಚ್ಚೂ ಸಿಕ್ಕಿತು. ನಾನೇ ಕಣ್ಣಾರೆ ನೋಡಿದೆ.

ನಮ್ಮ ಗಾಡಿಯನ್ನು ಆತ ಒಂದೇ ಏಟಿಗೆ ಸರಿಮಾಡಿದ ಎನ್ನುವುದು ಎರಡನೆಯ ಸುಳ್ಳು. ಮೊದಲು ಕೆಡಿಸಿದ, ಆಮೇಲೆ ಇನ್ನಷ್ಟು ಕೆಡಿಸಿದ, ಕೊನೆಗೆ ಸರಿಮಾಡಿದ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಬದುಕಿದ್ದಾಗ ಆತ ಯಾರ ಬಗ್ಗೆಯೂ ಒಳ್ಳೆಯದು ಹೇಳಿದವನಲ್ಲ, ಹಾಗಾಗಿ ಬೇಜಾರು ಮಾಡಿಕೊಳ್ಳಲಾರ.

ಗಾಡಿ ಎಂದರೆ ನಮ್ಮ ಮನೆಗಾಡಿ. ನಮ್ಮದು ಜಗಳೂರು. ಕುರಿ ಉಣ್ಣೆಯ ಕಂಬಳಿ ಮಾರುವುದು ನಮ್ಮ ಕಸುಬು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ಸಂತೆಯಿಂದ ಸಂತೆಗೆ ಬಸ್ಸಿನಲ್ಲಿ ಗಂಟು ಹೊತ್ತು ತಿರುಗಿ, ಕಂಡಕ್ಟರುಗಳ ಬೈಗುಳ ತಿಂದು ಸಾಕಾಗಿ, ಯಾವುದೋ ಶಾಲೆಯವರು ಮೂಲೆಗೆ ತಳ್ಳಿದ್ದ ಹಳದಿ ಮಿನಿಬಸ್ಸೊಂದನ್ನು ಕೊಂಡೆವು. ಸೀಟುಗಳನ್ನು ಕಿತ್ತು ಹಲಗೆ ಮಂಚ ಹೊಡೆಸಿದೆವು. ಒಲೆ ಬಂತು, ಗೂಟ ಬಂತು, ಬಟ್ಟೆ ಒಣಗಿಸುವ ಹಗ್ಗ ಬಂತು. ಕಿಟಕಿಯ ಮೇಲೆ 'ಮಕ್ಕಳೇ, ಕೈ ಹೊರಗೆ ಹಾಕಬೇಡಿ' ಎಂಬ ಬರಹವನ್ನು ಮಾತ್ರ ಅಳಿಸಲಿಲ್ಲ. ನಮ್ಮ ಮನೆಯವರು ಎಲೆ ಅಡಿಕೆ ಉಗುಳಲು ತಲೆ ಹೊರಹಾಕಿದಾಗಲೆಲ್ಲ ನಾನು ಅದನ್ನು ತೋರಿಸುತ್ತಿದ್ದೆ.

ನಮ್ಮ ಮನೆಯವರು ಲಾರಿ ಓಡಿಸಿದವರು. ಓಡಿಸುವುದು ಗೊತ್ತು. ಆದರೆ ಈ ಗಾಡಿ ಅವರ ಮಾತು ಕೇಳುತ್ತಿರಲಿಲ್ಲ. ಇಂಜಿನ್ ಗಟ್ಟಿಯಿತ್ತು, ಬ್ರೇಕು ಹಿಡಿಯುತ್ತಿತ್ತು, ಮುಂದೆ ಮಾತ್ರ ಅಲೆಯುತ್ತಿತ್ತು. ಸ್ಟೇರಿಂಗ್ ನೆಟ್ಟಗೆ ಹಿಡಿದರೂ ಒಮ್ಮೆ ಎಡಕ್ಕೆ ಮೂಸುವುದು, ಒಮ್ಮೆ ಬಲಕ್ಕೆ ಮೂಸುವುದು, ಸಂತೆಗೆ ಬಂದ ಬೀದಿನಾಯಿಯ ಹಾಗೆ. ಎದುರಿಗೆ ಲಾರಿ ಬಂದರೆ ಅದರ ಗಾಳಿಗೇ ರಸ್ತೆ ಬಿಟ್ಟು ಸರಿಯುತ್ತಿತ್ತು. ಸಂತೆ ಮುಟ್ಟುವ ಹೊತ್ತಿಗೆ ನಮ್ಮವರ ಭುಜಗಳು ಮರಗಟ್ಟಿರುತ್ತಿದ್ದವು. ಅವರು ಗಾಡಿ ಓಡಿಸುತ್ತಿರಲಿಲ್ಲ, ಗಾಡಿಯ ಜೊತೆ ಕುಸ್ತಿ ಆಡುತ್ತಿದ್ದರು.

ಒಂದು ದಿನ ಚನ್ನಗಿರಿ ಸಂತೆ ಮುಗಿಸಿ ನೀರಾವರಿ ಚಾನಲ್ ಏರಿಯ ಮೇಲೆ ಬರುತ್ತಿದ್ದೆವು. ಎದುರಿಗೆ ಮೆಕ್ಕೆಜೋಳದ ಲಾರಿ ಬಂತು. ನಮ್ಮ ಗಾಡಿ ಅದಕ್ಕೆ ದಾರಿ ಬಿಡುವ ಮರ್ಯಾದೆ ಸ್ವಲ್ಪ ಹೆಚ್ಚೇ ತೋರಿಸಿತು. ಮುಂದಿನ ಎಡಗಾಲಿ ಏರಿಯ ಆಚೆ ಗಾಳಿಯಲ್ಲಿ ನಿಂತಿತು. ಕೆಳಗೆ ಚಾನಲ್ ತುಂಬ ನೀರು. ಗದ್ದೆಯಲ್ಲಿದ್ದವರು ಓಡಿಬಂದು ಹಗ್ಗ ಹಾಕಿ ಎಳೆದರು. ಅಷ್ಟರಲ್ಲಿ ಒಬ್ಬ ಪುಣ್ಯಾತ್ಮ ಅದನ್ನೆಲ್ಲ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ್ದ.

ಅದನ್ನು ನೋಡಿ ಮಗ ಜಗಳೂರಿನಿಂದ ಬೈಕಿನಲ್ಲಿ ಬಂದ. ಅವನದು ಮೆಕ್ಕೆಜೋಳ ಬಿಡಿಸುವ ಮಿಷನ್ನಿನ ಕೆಲಸ. ಮೈಮೇಲೆ ಹೊಟ್ಟು ಹಾಗೇ ಇತ್ತು.

"ಅವ್ವಾ, ಸಾಕು. ಈ ಗಾಡಿ ಗುಜರಿಗೆ ಹಾಕ್ತೀನಿ. ಗುಜರಿಯವನಿಗೆ ಮಾತಾಡೀನಿ."

"ನಮ್ಮ ಕಸುಬು?"

"ಮನ್ಯಾಗೆ ಕುಂತು ಮಾರ್ರಿ. ಬೇಕಾದೋರು ಬಂದು ಒಯ್ತಾರೆ."

"ಇಷ್ಟು ವರ್ಷ ಯಾರ್ ಬಂದಾರಲೇ?"

"ಬರದಿದ್ರೆ ಬಿಡ್ಲಿ. ನೀವಿಬ್ರೂ ಚಾನಲ್‌ನಾಗೆ ತೇಲ್ಕೊಂಡು ಹೋಗೋದು ನೋಡಾಕೆ ನನ್ನ ಕೈಲಿ ಆಗಲ್ಲ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಮನೆಯಲ್ಲಿ ಕೂತರೆ ನನ್ನ ಗತಿ ಏನು ಎಂದು ನನಗೆ ಗೊತ್ತಿತ್ತು. ಸೊಸೆ ಒಳ್ಳೆಯವಳು. ಒಳ್ಳೆಯ ಸೊಸೆಯ ಅಡುಗೆಮನೆಯಲ್ಲಿ ಅತ್ತೆಗೆ ಸೊಪ್ಪು ಸೋಸುವುದು ಬಿಟ್ಟು ಬೇರೆ ಕೆಲಸವಿಲ್ಲ. ನಾನು ಸೊಕ್ಕೆ ಎಂಬ ಹಳ್ಳಿಯಲ್ಲಿ ಹುಟ್ಟಿ, ಕುರಿಯ ಹಿಂದೆ ಬೆಳೆದವಳು. ಕಾಲು ನಿಂತರೆ ನನಗೆ ಬಾಯಿ ಹೆಚ್ಚಾಗುತ್ತದೆ, ಮನೆ ಹಾಳಾಗುತ್ತದೆ. ಒಂದು ಸಲ ಸರಿಮಾಡಿಸಿ ನೋಡೋಣ ಎಂದೆ. ಸೂರಗೊಂಡನಕೊಪ್ಪದ ಜಾತ್ರೆಗೆ ಮಾಲೆ ಹಾಕಿದ ಜನ ಬರುವ ಚಳಿಗಾಲದೊಳಗೆ ಗಾಡಿ ನೆಟ್ಟಗಾಗದಿದ್ದರೆ ಗುಜರಿಗೆ ಎಂದು ಅವನು ಒಪ್ಪಿದ.

ಹಾಗೆ ನಾವು ಹೊನ್ನಾಳಿಯ ಮೇಸ್ತ್ರಿಯ ಹತ್ತಿರ ಹೋದದ್ದು.

ಆತನ ಗ್ಯಾರೇಜು ಎಂದರೆ ಊರಾಚೆ ಒಂದು ಬೇವಿನ ಮರ, ಒಂದು ತಗಡು, ಯಾವುದೋ ಹಳೇ ಬಸ್ಸಿನಿಂದ ಕಿತ್ತು ತಂದ ಮೂರು ಜನರ ಸೀಟು. ಗಿರಾಕಿಗಳು ಆ ಸೀಟಿನ ಮೇಲೆ ಕೂತು, ಎಲ್ಲಿಗೂ ಹೋಗದ ಬಸ್ಸಿನಲ್ಲಿ ಪ್ರಯಾಣ ಮಾಡುವವರ ಹಾಗೆ ಕಾಯುತ್ತಿದ್ದರು. ಆತನಿಗೆ ನಮ್ಮಷ್ಟೇ ವಯಸ್ಸು. ಆದರೆ ತಲೆ ಕಾಗೆಯಷ್ಟು ಕಪ್ಪು. ಬಿಸಿಲೇರಿದ ಮೇಲೆ ಕಿವಿಯ ಹಿಂದಿನಿಂದ ಕಪ್ಪು ಬೆವರು ಇಳಿಯುತ್ತಿತ್ತು. ಅದು ಗಾಡಿಯ ಆಯಿಲ್ ಎಂದು ಆತ ಹೇಳುತ್ತಿದ್ದ. ಆಯಿಲ್ ಕಿವಿಯ ಹಿಂದಿನಿಂದ ಸೋರುವ ಗಾಡಿಯನ್ನು ನಾನು ಕಂಡಿಲ್ಲ.

ಮೊದಲ ದಿನ ನಮಗೆ ವಿಚಿತ್ರವೆನಿಸಿದ್ದು ಆತನ ಮಾತು. ಗಾಡಿಗೆ ಬಹುವಚನ, ಗಾಡಿಯ ಯಜಮಾನನಿಗೆ ಏಕವಚನ.

"ಬರ್ರಿ ಬರ್ರಿ, ಹಿಂಗೆ ನೆರಳಿಗೆ ಬರ್ರಿ. ಭಾಳ ದಣಿದೀರಿ," ಎಂದ ಗಾಡಿಗೆ. ನಮ್ಮವರತ್ತ ತಿರುಗಿ, "ಏನಲೇ, ಏನ್ ಮಾಡೀದಿ ಇವರಿಗೆ?" ಎಂದ.

ನಮ್ಮವರಿಗೆ ರೇಗಿತು. "ನಾನು ಇಪ್ಪತ್ತು ವರ್ಷ ಲಾರಿ ಓಡ್ಸೀನಿ."

"ಲಾರಿ ಪುಣ್ಯ ಮಾಡಿತ್ತು, ಬದುಕೈತೆ. ಕೈ ತೋರ್ಸು." ಅಂಗೈ ನೋಡಿದ. ಸ್ಟೇರಿಂಗ್ ಬಿಗಿಹಿಡಿದು ಬೊಬ್ಬೆ ಬಂದಿದ್ದವು. "ಇದು ಡ್ರೈವರ್ ಕೈ ಅಲ್ಲ, ಬಾವಿ ಹಗ್ಗ ಎಳೆಯೋನ ಕೈ. ಸ್ಟೇರಿಂಗ್ ಎಳೆಯಾಕಿಲ್ಲ ಕಣಲೇ. ಒಂದು ಮಾತು ಹೇಳಿ ಸುಮ್ನಿರ್ಬೇಕು. ಕೇಳದಿದ್ರೆ ಅವರಿಗೆ ಏನೋ ನೋವೈತೆ ಅಂತ ಅರ್ಥ."

ನನಗೆ ಮಾತ್ರ "ಅಕ್ಕಾರೇ" ಎನ್ನುತ್ತಿದ್ದ. ಗೌರವದಿಂದ ಅಂದುಕೊಳ್ಳಬೇಡಿ. ನನ್ನ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇರುವುದನ್ನು ಆತನ ಮೂಗು ಗಾಡಿ ನಿಲ್ಲುವುದಕ್ಕೆ ಮುಂಚೆಯೇ ಕಂಡುಹಿಡಿದಿತ್ತು. ತಿಂದು, "ಖಾರ ಸಾಲ್ದು," ಎಂದು ಇನ್ನೊಂದು ಕೇಳಿದ. ಸಕ್ಕರೆ ಕಾಯಿಲೆಯೆಂದು ಚಹಾಕ್ಕೆ ಸಕ್ಕರೆ ಬೇಡ ಎನ್ನುತ್ತಿದ್ದ. ಆಮೇಲೆ ಕಿಸೆಯಿಂದ ಬೆಲ್ಲ ತೆಗೆದು ಕಟುಮ್ಮೆಂದು ಕಚ್ಚುತ್ತಿದ್ದ. ಕೇಳಿದರೆ, "ಡಾಕ್ಟರು ಸಕ್ಕರೆ ಅಂದಾರೆ, ಬೆಲ್ಲದ ಸುದ್ದಿ ಎತ್ತಿಲ್ಲ," ಎಂದು ವಾದ ಹೂಡುತ್ತಿದ್ದ. ಒಂದು ಕಾಲದಲ್ಲಿ ಮಂತ್ರಿಯ ಕಾರು ರಿಪೇರಿ ಮಾಡಿದ್ದೆ ಎಂಬುದು ಆತನ ಇನ್ನೊಂದು ಕಥೆ. ಪ್ರತಿ ಸಲವೂ ಮಂತ್ರಿ ಬದಲಾಗುತ್ತಿದ್ದ, ಕಾರೂ ಬದಲಾಗುತ್ತಿತ್ತು. ಕೊನೆಯಲ್ಲಿ ಮಂತ್ರಿ ಇಳಿದು ಬಂದು ಕೈಮುಗಿಯುವುದು ಮಾತ್ರ ಬದಲಾಗುತ್ತಿರಲಿಲ್ಲ.

ಆತನ ಕೆಲಸದ ರೀತಿಯೇ ಬೇರೆ. ಬೇರೆ ಮೇಸ್ತ್ರಿಗಳು ಬಂದ ಗಾಡಿಯ ಕೆಳಗೆ ನುಗ್ಗುತ್ತಾರೆ. ಈತ ಗಾಡಿಯೊಳಗೆ ಹತ್ತಿ ನೆಲದ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, "ನಡಿಯಲೇ," ಎನ್ನುತ್ತಿದ್ದ. ಮೊದಲ ಸಲ ನಾನು ಕನಿಕರಪಟ್ಟು ಒಂದು ಕಂಬಳಿ ಹಾಸಿದೆ. ಎಳೆದು ಬಿಸಾಕಿದ.

"ಕಂಬಳಿ ಹಾಸಿದ್ರೆ ಇವರ ಮಾತು ನನ್ನ ಬೆನ್ನಿಗೆ ಹೆಂಗೆ ಕೇಳ್ತೈತಿ ಅಕ್ಕಾರೇ? ಕಿವಿಗೆ ಹತ್ತಿ ಇಟ್ಕೊಂಡು ಪುರಾಣ ಕೇಳಾಕೆ ಆಗ್ತೈತಾ?"

ಕೈಯಲ್ಲಿ ಸ್ಪ್ಯಾನರ್ ಇರುತ್ತಿತ್ತು. ನೆಲಕ್ಕೆ ಒಂದು ಸಲ ಕುಟ್ಟಿದರೆ ನಿಧಾನ, ಎರಡು ಸಲ ಕುಟ್ಟಿದರೆ ನಿಲ್ಲಿಸು. ಇಷ್ಟೇ ಭಾಷೆ. ಬಾಯಿ ಮುಚ್ಚಿಕೊಂಡು ಆತ ಇರುತ್ತಿದ್ದದ್ದು ಆಗ ಮಾತ್ರ. ಒಮ್ಮೊಮ್ಮೆ ಗೊರಕೆ ಹೊಡೆಯುತ್ತಾನೇನೋ ಎಂದು ನನಗೆ ಅನುಮಾನ ಬರುತ್ತಿತ್ತು. ಒಂದು ಸಲ ನಿಜವಾಗಿಯೂ ಹೊಡೆದ.

ಮುಂದಿನ ಗಾಲಿಗಳನ್ನು ಸ್ಟೇರಿಂಗಿಗೆ ಕೂಡಿಸುವ ರಾಡಿನ ತುದಿಗಳು ಸವೆದಿವೆ ಎಂದು ಮೊದಲು ಅವನ್ನು ಬದಲಾಯಿಸಿದ. ಸವೆದಿದ್ದವು ನಿಜ, ನಾನೂ ಅಲ್ಲಾಡಿಸಿ ನೋಡಿದೆ, ಮುದುಕಿಯ ಹಲ್ಲಿನ ಹಾಗಿದ್ದವು. ಸ್ವಲ್ಪ ಗುಣವಾಯಿತು. ಅಲೆಯುವುದು ನಿಲ್ಲಲಿಲ್ಲ. ಆಮೇಲೆ ಸ್ಟೇರಿಂಗ್ ಬಾಕ್ಸ್ ಸಡಿಲ ಎಂದು ತಿರುಪು ಬಿಗಿದ. ಆಗ ಹೊಸ ರೋಗ ಬಂತು. ಎಡಕ್ಕೆ ತಿರುಗಿಸಿದರೆ ಎಡಕ್ಕೇ ನಿಲ್ಲುವುದು, ತಾನಾಗಿ ನೆಟ್ಟಗೆ ಬರುವುದೇ ಇಲ್ಲ. ನಮ್ಮವರು ನ್ಯಾಮತಿಯ ತಿರುವಿನಲ್ಲಿ ಒಬ್ಬರ ಹುಲ್ಲಿನ ಬಣವೆಗೆ ನಮಸ್ಕಾರ ಮಾಡಿ ಬಂದರು. ಆಮೇಲೆ ದಾರ ಕಟ್ಟಿ, ಒಂದು ಕಣ್ಣು ಮುಚ್ಚಿ, ಮುಂದಿನ ಗಾಲಿಗಳ ಮುಖ ಒಂದೇ ದಿಕ್ಕಿಗಿಲ್ಲ ಎಂದು ಅವನ್ನು ತಿದ್ದಿದ. ಗಾಡಿ ಮತ್ತೆ ಅಲೆಯಿತು. ಈಗ ಅಲೆಯುವುದರಲ್ಲಿ ಒಂದು ಅಚ್ಚುಕಟ್ಟು ಬಂದಿತ್ತು, ಅಷ್ಟೇ.

"ಮೇಸ್ತ್ರಿ, ನಿನಗೆ ಗೊತ್ತಾಗ್ಲಿಲ್ಲ ಅಂದ್ರೆ ಗೊತ್ತಾಗ್ಲಿಲ್ಲ ಅನ್ನು," ಎಂದೆ.

"ಅಕ್ಕಾರೇ, ಮಂತ್ರಿ ಕಾರು—"

"ಮಂತ್ರಿ ಸತ್ತ. ನನ್ನ ಗಾಡಿ ನೋಡು."

ಅಷ್ಟರಲ್ಲಿ ಚಳಿ ಹತ್ತಿರ ಬರುತ್ತಿತ್ತು. ಮಗ ಫೋನು ಮಾಡಿದಾಗಲೆಲ್ಲ ಗುಜರಿಯವನ ಕ್ಷೇಮಸಮಾಚಾರ ಹೇಳುತ್ತಿದ್ದ.

ಈಗ ಒರಳುಕಲ್ಲಿನ ವಿಷಯ ಹೇಳಬೇಕು. ಕಂಬಳಿ ಹಳೆಯದಾಗಿ ಮೆತ್ತಗಾದರೆ ಹುಣಸೆ ಬೀಜ ಹುರಿದು, ನೆನೆಸಿ, ರುಬ್ಬಿ, ಗಂಜಿ ಕಾಸಿ ಬಳಿಯಬೇಕು. ಆಗ ಕಂಬಳಿ ಗಟ್ಟಿಯಾಗಿ ನಿಲ್ಲುತ್ತದೆ, ಮಳೆ ಬಿದ್ದರೂ ಜಾರಿಹೋಗುತ್ತದೆ. ಹೊಸ ಕಂಬಳಿ ಕೊಳ್ಳುವವರಿಗಿಂತ ಹಳೆಯದಕ್ಕೆ ಗಂಜಿ ಹಾಕಿಸುವವರೇ ನಮಗೆ ಹೆಚ್ಚು. ಮಿಕ್ಸಿಗೆ ಹಾಕಿದರೆ ಮಿಕ್ಸಿ ಸುಡುತ್ತದೆ. ಅದಕ್ಕೇ ನಮ್ಮ ಗಾಡಿಯಲ್ಲಿ ನನ್ನ ಅತ್ತೆಯ ಕಾಲದ ಒರಳುಕಲ್ಲು ಇತ್ತು. ನಾಲ್ಕು ಗಂಡಸರು ಎತ್ತಬೇಕು, ಎತ್ತುವಾಗ ನಾಲ್ವರೂ ನನ್ನ ಅತ್ತೆಯನ್ನು ನೆನೆಯಬೇಕು.

ಆ ಕಲ್ಲು ಎಲ್ಲಿತ್ತು? ಗಾಡಿಯ ಹಿಂದಿನ ಎಡಮೂಲೆಯಲ್ಲಿ. ಯಾಕೆ? ವಾಸ್ತು. ನಗಬೇಡಿ. ಗಾಡಿಯನ್ನು ಮನೆ ಮಾಡುವಾಗ ನಮ್ಮವರು ವಾಸ್ತು ಹೇಳುವ ಒಬ್ಬನನ್ನು ಕರೆತಂದರು. ಗಾಡಿ ಅವತ್ತು ನಮ್ಮ ಅಂಗಳದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ಆತ ನಿಂಬೆಹಣ್ಣು ಹಿಡಿದು ಸುತ್ತುಹಾಕಿ, ಭಾರವೆಲ್ಲ ನೈರುತ್ಯಕ್ಕೆ, ಒಲೆ ಆಗ್ನೇಯಕ್ಕೆ ಎಂದ. ಅಂದರೆ ಒರಳುಕಲ್ಲು, ಕಬ್ಬಿಣದ ಪೆಟ್ಟಿಗೆ, ಜೋಳದ ಚೀಲ ಹಿಂದಿನ ಎಡಮೂಲೆಗೆ. ಒಲೆ, ಸಿಲಿಂಡರು ಹಿಂದಿನ ಬಲಮೂಲೆಗೆ. ಗಾಡಿ ಅಂಗಳ ಬಿಟ್ಟು ಮೊದಲ ತಿರುವಿನಲ್ಲಿ ತಿರುಗಿದ ಕೂಡಲೇ ನೈರುತ್ಯ ಎಲ್ಲಿಗೋ ಹೋಗುತ್ತದಲ್ಲ ಎಂದು ನಾನು ಕೇಳಿದ್ದೆ. "ನಾಲ್ಕನೇ ಕ್ಲಾಸು ಓದಿದೋಳಿಗೆ ಶಾಸ್ತ್ರ ಏನ್ ಗೊತ್ತು," ಎಂದಿದ್ದರು ಏಳನೇ ಕ್ಲಾಸಿನವರೆಗೆ ಓದಿದ ನಮ್ಮವರು.

ಆ ವರ್ಷ ಕಲ್ಲು ಸವೆದು ನುಣ್ಣಗಾಗಿ, ರುಬ್ಬುವುದನ್ನೇ ಬಿಟ್ಟಿತ್ತು. ನ್ಯಾಮತಿಯಲ್ಲಿ ಒಬ್ಬಳು ಒರಳು ಕುಟ್ಟಿ ಒರಟು ಮಾಡಿಕೊಡುತ್ತಾಳೆ. ಅವಳ ಅಂಗಳದಲ್ಲಿ ಕಲ್ಲನ್ನು ಇಳಿಸಿ ಹೊನ್ನಾಳಿಗೆ ಹೊರಟೆವು. ಜೋಳದ ಚೀಲವೂ ಖಾಲಿಯಾಗಿತ್ತು. ದಾರಿಯಲ್ಲಿ ನಮ್ಮವರು ಹಾಡು ಗುನುಗತೊಡಗಿದರು. ಆ ಗಾಡಿ ಬಂದ ಮೇಲೆ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ. ನೋಡುತ್ತೇನೆ, ಒಂದೇ ಕೈಯಲ್ಲಿ ಓಡಿಸುತ್ತಿದ್ದಾರೆ.

"ಮೇಸ್ತ್ರಿ ಕೈಗುಣ ಹಿಡೀತು ಕಣೇ," ಎಂದರು.

ಮೇಸ್ತ್ರಿಗೆ ಕೇಳಬೇಕೇ? ಬಸ್ಸಿನ ಸೀಟಿನ ಮೇಲಿದ್ದವರಿಗೆಲ್ಲ ತನ್ನ ದಾರದ ಮಹಿಮೆ ಹೇಳಿ ಚಹಾ ಕುಡಿಸಿದ. ಮರುವಾರ ಕಲ್ಲು ಹೇರಿಕೊಂಡು, ಹೊಸ ಜೋಳ ತುಂಬಿಕೊಂಡು ಬಂದೆವು. ಗಾಡಿ ಹಳೇ ಚಾಳಿಗೆ ಬಿತ್ತು. ಬೇವಿನ ಮರದ ಹತ್ತಿರ ಬರುವಾಗ ಆ ಸೀಟಿನ ಮೇಲಿದ್ದವರೇ ಎದ್ದು ಓಡಿದರು.

ನಾನು ಇಳಿದು ಹೇಳಿದೆ. "ಮೇಸ್ತ್ರಿ, ಕಲ್ಲು ಇಲ್ದಾಗ ನೆಟ್ಟಗೆ ಹೋತು. ಕಲ್ಲು ಬಂತು, ಕುಡಿದೋರಂಗೆ ಹೊಂಟೈತೆ."

ನಮ್ಮವರು ಜೋರಾಗಿ ನಕ್ಕರು. "ಒರಳಿಗೂ ಸ್ಟೇರಿಂಗಿಗೂ ಏನೇ ಸಂಬಂಧ? ಸ್ಟೇರಿಂಗ್ ಮುಂದೈತೆ, ಒರಳು ಹಿಂದೈತೆ."

ಓಡಿಹೋಗಿ ಮರಳಿ ಬಂದು ಸೀಟಿನ ಮೇಲೆ ಕೂತವರೂ ನಕ್ಕರು. ಮೇಸ್ತ್ರಿ ನಗಲಿಲ್ಲ. ಬಾಯಲ್ಲಿದ್ದ ಬೆಲ್ಲವನ್ನು ನುಂಗಿ ಗಾಡಿ ಹತ್ತಿದ. ಯಾವಾಗಲೂ ಮುಂದೆ ಮಲಗುತ್ತಿದ್ದವನು ಅವತ್ತು ಹಿಂದೆ, ಒರಳುಕಲ್ಲಿನ ಪಕ್ಕ ಮಲಗಿದ. "ನಡಿ." ಸ್ವಲ್ಪ ದೂರ ಹೋಗುವುದರೊಳಗೆ ಎರಡು ಸಲ ಕುಟ್ಟಿದ. ಎದ್ದು ಬಂದು ಮತ್ತೆ ಮುಂದೆ ಮಲಗಿದ. ಮತ್ತೆ ಎರಡು ಕುಟ್ಟಿದ.

ಇಳಿದ ಮೇಲೆ ಆತ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಸೀಟಿನ ಮೇಲಿದ್ದ ಗಿರಾಕಿಗಳ ಮುಂದೆ ಹೋಗಿ ನಿಂತು, ದನಿ ಎತ್ತರಿಸಿ ಹೇಳಿದ.

"ಎಲ್ರೂ ಕೇಳ್ರಲೇ. ತಪ್ಪು ನಂದು. ಇಷ್ಟು ದಿನ ಮೂತಿಗೆ ಮದ್ದು ಹಚ್ಚೀನಿ, ರೋಗ ಬಾಲದಾಗೆ ಐತೆ. ಅಕ್ಕಾರು ಹೇಳಿದ್ದು ಖರೇ. ಸ್ಟೇರಿಂಗ್ ಬಾಕ್ಸ್ ಬಿಗಿದಿದ್ದೂ ತಪ್ಪು. ನಾನೇ ಬಿಗಿದೀನಿ, ನಾನೇ ಬಿಡ್ತೀನಿ."

ನನ್ನ ಇಷ್ಟು ವಯಸ್ಸಿಗೆ, ಯಾರೂ ಕೇಳದೇ, ಹಿಡಿದು ನಿಲ್ಲಿಸದೇ, ನಾಲ್ಕು ಜನರ ಎದುರಿಗೆ 'ತಪ್ಪು ನಂದು' ಎಂದ ಗಂಡಸನ್ನು ನಾನು ಕಂಡದ್ದು ಅದೇ ಮೊದಲು. ನಮ್ಮ ಮನೆಯವರು ಹುಲ್ಲಿನ ಬಣವೆಗೆ ಗುದ್ದಿದ್ದಕ್ಕೂ ಬಣವೆಯನ್ನೇ ಬೈದಿದ್ದರು. ಹಾಗೆಂದು ಮೇಸ್ತ್ರಿಯನ್ನು ಮಹಾತ್ಮ ಮಾಡಬೇಡಿ. ಸಂಜೆಯ ಹೊತ್ತಿಗೆ ಕಲ್ಲಿನ ಪತ್ತೆಯನ್ನು ತಾನೇ ಮಾಡಿದ್ದಾಗಿ ಕಥೆ ತಿರುಗಿಸಿದ್ದ, ಅದರಲ್ಲಿ ನಾನು ರೊಟ್ಟಿ ಕೊಟ್ಟವಳಾಗಿ ಮಾತ್ರ ಬರುತ್ತಿದ್ದೆ.

ನಮ್ಮವರು ಜಗ್ಗಲಿಲ್ಲ. "ನೈರುತ್ಯದ ಭಾರ ತೆಗದ್ರೆ ಮನೆ ಯಜಮಾನನಿಗೆ ಆಗಿಬರಲ್ಲ."

"ಚಾನಲ್‌ಗೆ ಬಿದ್ರೆ ಆಗಿಬರ್ತೈತಾ?" ಎಂದೆ.

"ನೀನು ಸುಮ್ನಿರು."

ಮೇಸ್ತ್ರಿ ನಮ್ಮವರ ಭುಜದ ಮೇಲೆ ಕೈಹಾಕಿ ಕೂತ. "ಲೇ, ನಿಮ್ಮಪ್ಪ ಎತ್ತಿನಗಾಡಿ ಇಟ್ಟಿದ್ನಾ?"

"ಇಟ್ಟಿದ್ದ."

"ಗೊಬ್ಬರ ಎಲ್ಲಾ ಹಿಂದಕ್ಕೆ ಹೇರಿದ್ರೆ ಏನಾಗ್ತಿತ್ತು?"

"ಮುಂದಿನ ಮೂಕಿಮರ ಮೇಲಕ್ಕೆ ಎದ್ದು ಎತ್ತಿನ ಕೊರಳಿಗೆ ಉರುಲು ಬೀಳ್ತಿತ್ತು."

"ಹಂಗೇ ಐತೆ. ಇವರ ಮುಂದಿನ ಗಾಲಿ ನೆಲಾನ ಮುಟ್ತಾವೆ, ಒತ್ತಲ್ಲ. ಒತ್ತದ ಗಾಲಿಗೆ ನೀನು ಏನ್ ಹೇಳಿದ್ರೂ ಏನ್ ಕೇಳ್ತೈತೆ? ಎತ್ತು ಹೂಡಿದೋನ ಮಗ ಆಗಿ ಹಿಂಗೆ ಹೇರೀದಿಯಲ್ಲಲೇ."

ಅದು ನಾಟಿತು. ಆದರೂ ಶಾಸ್ತ್ರದ ಮುಳ್ಳು ಗಂಟಲಲ್ಲೇ ಇತ್ತು. "ನೈರುತ್ಯ…" ಎಂದರು, ಮೆಲ್ಲಗೆ.

ಮೇಸ್ತ್ರಿ ಎದ್ದು ಗಾಡಿಯ ಸುತ್ತ ಒಂದು ಸುತ್ತು ಬಂದ. ವಾಸ್ತುವಿನವನ ಹಾಗೇ ಕೈಯೆತ್ತಿ ದಿಕ್ಕು ನೋಡಿದ. ನಿಂಬೆಹಣ್ಣಿನ ಬದಲು ಬೆಲ್ಲದ ಚೂರು ಹಿಡಿದಿದ್ದ.

"ಮನೆ ಕೆಡಿಸಬೇಡ. ಮನೆ ತಿರುಗಿಸು. ಇನ್ಮೇಲೆ ಎಲ್ಲಿ ನಿಲ್ಲಿಸಿದ್ರೂ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸು. ಆಗ ನೈರುತ್ಯ ಎಲ್ಲಿ ಬರ್ತೈತೆ? ನಿನ್ನ ಸೀಟಿನ ಬೆನ್ನಿಗೆ. ಕಲ್ಲು, ಪೆಟ್ಟಿಗೆ, ಜೋಳ ಎಲ್ಲಾ ಅಲ್ಲಿಗೆ ಬರ್ಲಿ. ಕ್ಲೀನರ್ ಸೀಟಿನ ಹಿಂದೆ ಆಗ್ನೇಯ, ಒಲೆ ಅಲ್ಲಿರ್ಲಿ."

"ದಕ್ಷಿಣಕ್ಕೆ ಮುಖ ಮಾಡಿ ಯಾವನು ಮನೆ ನಿಲ್ಲಿಸ್ತಾನಲೇ? ಯಮನ ದಿಕ್ಕು!"

"ಮುಖ ಅಂದ್ರೆ ಬಾಗ್ಲು ಕಣಲೇ, ರೇಡಿಯೇಟರ್ ಅಲ್ಲ. ಬಾಗ್ಲು ಎಡಗಡೆ ಐತೆ. ಇವರು ದಕ್ಷಿಣಕ್ಕೆ ನಿಂತ್ರೆ ಬಾಗ್ಲು ಪೂರ್ವಕ್ಕೆ ಬಂತು. ಈಗ ಪಶ್ಚಿಮಕ್ಕೆ ಐತೆ. ಯಾವ ಶಾಸ್ತ್ರದವನೋ ನಿಂಗೆ ಪಶ್ಚಿಮದ ಬಾಗ್ಲು ಇಟ್ಟು ಹೋಗ್ಯಾನೆ, ನೀನು ನನ್ನ ಹತ್ರ ಜಗಳ ಆಡ್ತೀಯಾ?"

ನಮ್ಮವರು ಬಾಗಿಲನ್ನು ನೋಡಿದರು, ಸೂರ್ಯನನ್ನು ನೋಡಿದರು, ಮತ್ತೆ ಬಾಗಿಲನ್ನು ನೋಡಿದರು. ಒರಳುಕಲ್ಲು ಅವತ್ತೇ ಮುಂದಕ್ಕೆ ಬಂತು. ಮೇಸ್ತ್ರಿ ಬೋಲ್ಟು ಹಾಕಿ ಅಲ್ಲಾಡದ ಹಾಗೆ ಬಿಗಿದ. ಸ್ಟೇರಿಂಗ್ ಬಾಕ್ಸಿನ ತಿರುಪು ಸಡಿಲಿಸಿದ, ಗಾಲಿಗಳ ಮುಖ ಮತ್ತೊಮ್ಮೆ ದಾರ ಹಿಡಿದು ನೋಡಿದ, ಹಿಂದಿನ ಟೈರುಗಳಿಗೆ ಗಾಳಿ ತುಂಬಿಸಿದ.

ಪರೀಕ್ಷೆಗೆ ಮಗ ಬಂದ. ಸುಮ್ಮನೆ ಊರೊಳಗೆ ಸುತ್ತಿಸಿದರೆ ಒಪ್ಪುವುದಿಲ್ಲ, ಅದೇ ಚಾನಲ್ ಏರಿಯ ಮೇಲೆ ಹೋಗಬೇಕು ಎಂದ. ನಮ್ಮವರು ಸ್ಟೇರಿಂಗಿನಲ್ಲಿ, ಮಗ ಪಕ್ಕದಲ್ಲಿ, ನಾನು ಹಿಂದೆ, ಮೇಸ್ತ್ರಿ ನೆಲದ ಮೇಲೆ. ಹೊರಡುವಾಗ ಆತ ಅಂಗಡಿಯಿಂದ ಒಂದು ಲೋಟ ಚಹಾ ತಂದು ಡ್ರೈವರ್ ಪಕ್ಕದ ಇಂಜಿನ್ ಮುಚ್ಚಳದ ಮೇಲಿಟ್ಟು ಮಲಗಿದ್ದ.

ಏರಿ ಹತ್ತಿದೆವು. ಎಡಕ್ಕೆ ನೀರು. ಮಗ ಒಂದು ಕೈಯಲ್ಲಿ ಬಾಗಿಲ ಸರಳು ಹಿಡಿದು, ಇನ್ನೊಂದು ಕೈಯನ್ನು ಸ್ಟೇರಿಂಗಿನ ಹತ್ತಿರವೇ ಇಟ್ಟುಕೊಂಡಿದ್ದ. ಎದುರಿಗೆ ಲಾರಿ ಕಾಣಿಸಿತು. ಭತ್ತ ತುಂಬಿ, ರಸ್ತೆಯ ಮುಕ್ಕಾಲು ಪಾಲು ತನ್ನದೆಂದು ಬರುತ್ತಿತ್ತು.

"ಅಪ್ಪಾ, ನಿಲ್ಸು!"

"ನಿಲ್ಸಬ್ಯಾಡಲೇ," ಎಂದಿತು ನೆಲ. "ಬಿಗಿ ಹಿಡೀಬ್ಯಾಡ. ಒಂದು ಮಾತು ಹೇಳಿ ಸುಮ್ನಿರು."

ನಾನು ಕಣ್ಣು ಮುಚ್ಚಲಿಲ್ಲ. ಬೀಳುವುದಾದರೆ ಎಲ್ಲಿ ಬೀಳುತ್ತೇವೆ ಎಂದು ನೋಡಿಕೊಂಡಿರುವುದು ಒಳ್ಳೆಯದು. ಲಾರಿ ಬಂತು, ಅದರ ಗಾಳಿ ಗಾಡಿಗೆ ಬಡಿಯಿತು, ಕಿಟಕಿಗಳು ಗಡಗಡ ಎಂದವು. ಗಾಡಿ ಮೈ ಕೊಡವಿದ ಎಮ್ಮೆಯ ಹಾಗೆ ಒಂದು ಸಲ ಅಲ್ಲಾಡಿ, ನೆಟ್ಟಗೆ ಮುಂದಕ್ಕೆ ಹೋಯಿತು. ಲೋಟದ ಚಹಾ ಅಂಚಿನವರೆಗೆ ಬಂದು ಹಿಂದಕ್ಕೆ ಹೋಯಿತು.

ಮಗ ಬಹಳ ಹೊತ್ತು ನೀರನ್ನೇ ನೋಡಿದ. ಆಮೇಲೆ ಆ ಲೋಟ ಎತ್ತಿಕೊಂಡು ಚಹಾ ಕುಡಿದ.

"ಅದು ನಂದಲೇ," ಎಂದ ಮೇಸ್ತ್ರಿ, ಕಣ್ಣು ತೆರೆಯದೆ.

ಗುಜರಿಯವನ ಸುದ್ದಿ ಅಲ್ಲಿಗೆ ನಿಂತಿತು. ಆ ಚಳಿಯಲ್ಲಿ ಸೂರಗೊಂಡನಕೊಪ್ಪದ ಹತ್ತಿರ ನಮ್ಮ ಕಂಬಳಿ ಹೊದೆಯದವರೇ ಇರಲಿಲ್ಲ. ಗಾಡಿಯನ್ನು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಲು ನಮ್ಮವರು ಹಿಂದೆ ಮುಂದೆ ಆಡಿಸಿ ಸಂತೆಯವರೆಲ್ಲರ ಬೈಗುಳ ತಿಂದರು. ಈಗಲೂ ತಿನ್ನುತ್ತಾರೆ.

ಮೇಸ್ತ್ರಿಗೆ ನಾನೇ ಗಂಜಿ ಹಾಕಿದ ಒಂದು ಕರಿ ಕಂಬಳಿ ಕೊಟ್ಟೆ. "ಚುಚ್ತೈತೆ," ಎಂದ. "ಚುಚ್ಚದಿದ್ರೆ ಅದು ಕಂಬಳಿ ಅಲ್ಲ, ಲಂಗ," ಎಂದೆ. ಆಮೇಲೆ ವರ್ಷಗಟ್ಟಲೆ ಹೊನ್ನಾಳಿಗೆ ಹೋದಾಗಲೆಲ್ಲ ಆತ ಗಾಡಿಯೊಳಗೆ ಒಂದು ಸಲ ಮಲಗಿ ಏಳುತ್ತಿದ್ದ. ಕೆಲಸವಿರುತ್ತಿತ್ತೋ ರೊಟ್ಟಿಯ ವಾಸನೆಗೆ ಮಲಗುತ್ತಿದ್ದನೋ, ನಾನು ವಿಚಾರಿಸಲಿಲ್ಲ.

ಆತ ಸತ್ತ ಸುದ್ದಿ ಬಂದಾಗ ಚನ್ನಗಿರಿಯಲ್ಲಿದ್ದೆವು. ಹೋದೆವು. ನಾಲ್ಕು ತಾಲೂಕಿನ ಡ್ರೈವರುಗಳು ಸೇರಿದ್ದರು. ಸ್ಪ್ಯಾನರ್ ಹಿಡಿದು ಸತ್ತ ಕಥೆ ಅಷ್ಟರಲ್ಲೇ ಹುಟ್ಟಿತ್ತು. ಆತನ ಮಗಳು ನನಗೆ ದಿಂಬು ಎತ್ತಿ ತೋರಿಸಿ ಅತ್ತಳು, ಆಮೇಲೆ ಬೆಲ್ಲವನ್ನು ನೋಡಿ ನಕ್ಕಳು. ನಾನು ಕೊಟ್ಟ ಕಂಬಳಿ ಬಾಗಿಲಲ್ಲಿತ್ತು, ಅದರ ಮೇಲೆ ಅವರ ನಾಯಿ ಮಲಗಿತ್ತು. ಒಳ್ಳೆಯ ಕಂಬಳಿ ಯಾವುದೆಂದು ನಾಯಿಗೆ ಗೊತ್ತು. ನಾನು ಎಬ್ಬಿಸಲಿಲ್ಲ.

ಮಣ್ಣು ಮುಗಿಸಿ ಸಂಜೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡೆವು. ನಮ್ಮವರು ಊಟ ಬೇಡ ಎಂದರು. ಬರುವ ದಾರಿಯಲ್ಲಿ ಗಾಡಿ ಎಡಕ್ಕೆ ಸ್ವಲ್ಪ ಎಳೆದಿತ್ತು, ಇಬ್ಬರಿಗೂ ಗೊತ್ತಾಗಿತ್ತು, ಇಬ್ಬರೂ ಆ ಮಾತು ಎತ್ತಿರಲಿಲ್ಲ.

"ಇನ್ನು ಇದನ್ನ ಯಾರು ನ್ವಾಡ್ತಾರೆ?" ಎಂದರು ಕೊನೆಗೆ. "ಮಗ ಹೇಳಿದಂಗೆ ಕೊಟ್ಟು ಬಿಡಾಣ. ಮನ್ಯಾಗೆ ಇರಾಣ."

ಅವರ ಪಾಲಿನ ರೊಟ್ಟಿಯನ್ನೂ ನಾನೇ ತಿಂದು ಮಲಗಿದೆ.

ಮರುದಿನ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಅವರನ್ನು ಎಬ್ಬಿಸಿ ಸ್ಟೇರಿಂಗಿಗೆ ಕೂರಿಸಿದೆ. ನೆಲದ ಮೇಲಿದ್ದ ಕಂಬಳಿಗಳನ್ನೆಲ್ಲ ಮಂಚದ ಮೇಲೆ ಎಸೆದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ರೊಟ್ಟಿ ಮಗುಚುವ ಕಬ್ಬಿಣದ ಸಟ್ಟುಗ ಕೈಯಲ್ಲಿ ಹಿಡಿದು, ಬರೀ ನೆಲದ ಮೇಲೆ ಅಂಗಾತ ಮಲಗಿದೆ.

"ಏನೇ ಇದು, ವಯಸ್ಸಾದ ಹೆಂಗಸು!"

"ನಡೀರಿ," ಎಂದೆ.

ಮೊದಲು ಬೆನ್ನಿಗೆ ನೋವು ಬಿಟ್ಟು ಬೇರೇನೂ ಕೇಳಲಿಲ್ಲ. ಸೇತುವೆ ದಾಟಿ ರಸ್ತೆ ಸಪಾಟಾದ ಮೇಲೆ, ಎಡಗಡೆಯ ಪಕ್ಕೆಯ ಕೆಳಗೆ, ಹಿಂದಿನಿಂದ, ಏನೋ ಮೆತ್ತಗೆ ಕುಸಿದು ಏಳುತ್ತಿರುವುದು ಗೊತ್ತಾಯಿತು. ಸಟ್ಟುಗದಿಂದ ಎರಡು ಸಲ ಕುಟ್ಟಿದೆ. ಗಾಡಿ ನಿಂತಿತು. ಇಳಿದು ಹಿಂದಿನ ಎಡ ಟೈರನ್ನು ಒದ್ದು ನೋಡಿದೆ. ಗಾಳಿ ಇಳಿದಿತ್ತು.

"ಗಾಳಿ ಹಾಕ್ಸಿ, ಗಾಡಿ ನ್ಯಾಮತಿಗೆ ತಿರುಗ್ಸ್ರಿ," ಎಂದೆ. "ಸಂತೆಗೆ ಹೊತ್ತಾತು."